ಎತ್ತುಗಳ ಜಗ್ಗು ನೋಡಿ ಮತ್ತೆ ಕೋಟೆಗೆ ಹೋದೆ

ರಾಯಚೂರು ಕೋಟೆಯನ್ನು ನಾನು ಮೊದಲು ನೋಡಿದ್ದು ಬಸ್ಸು ತಡವಾಗಿದ್ದಕ್ಕೆ. ಸಿಂಧನೂರು ಬಸ್ಸಿಗೆ ಇನ್ನೂ ಹೊತ್ತಿತ್ತು, ಸುಮ್ನೆ ಒಂದು ಸುತ್ತು ಹಾಕಿ ಬಂದೆ. ಮಧ್ಯಾಹ್ನದ ಬಿಸಿಲು. ಗೋಡೆ ದೊಡ್ಡದು ಅನ್ನಿಸಿತು, ಅಷ್ಟೇ.

ಈ ಸಲ ಕಾರಹುಣ್ಣಿಮೆಗೆ ಮಗನನ್ನು ಕರೆದುಕೊಂಡು ಹೋದೆ. ಒಂಬತ್ತನೇ ಕ್ಲಾಸಿನ ಹುಡುಗ, ಕಬಡ್ಡಿ ಅಂದ್ರೆ ಪ್ರಾಣ. ಅವನಿಗೆ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ನೋಡಬೇಕಿತ್ತು. ನನಗೆ ಕೃಷ್ಣದೇವರಾಯ ಮುತ್ತಿಗೆ ಹಾಕಿದ ಕೋಟೆಯನ್ನು ಸರಿಯಾಗಿ ನೋಡಬೇಕಿತ್ತು. ಎರಡೂ ಒಂದೇ ದಿನ ಇಟ್ಟುಕೊಂಡೆವು.

ಬೆಳಗ್ಗೆ ಆರೂವರೆಗೆ ಕೋಟೆ ಹತ್ತಿರ ಇದ್ದೆವು. ರಾಯಚೂರಿನ ಬಿಸಿಲು ಗೊತ್ತಲ್ವಾ, ಒಂಬತ್ತರ ಮೇಲೆ ಕಲ್ಲು ಕಾಯೋಕೆ ಶುರು. ಯುದ್ಧ ನಡೆದ ಜಾಗಕ್ಕೆ ಹೋದರೆ ನಾನೀಗ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಮುತ್ತಿಗೆ ಹಾಕಿದವರ ಕಡೆ ನಿಲ್ಲುತ್ತೇನೆ, ಆಮೇಲೆ ಒಳಗಿದ್ದವರ ಕಡೆ. ಸೀದಾ ಮೇಲೆ ಹತ್ತಿ ಫೋಟೋ ತೆಗೆದರೆ ಕೋಟೆ ಎಷ್ಟು ಗಟ್ಟಿ ಅನ್ನುವುದೇ ತಿಳಿಯುವುದಿಲ್ಲ.

ಗೋಡೆಯ ಬುಡದಲ್ಲಿ ನಿಂತು ಮಗನಿಗೆ 1520ರ ಕತೆ ಹೇಳಿದೆ. ಇದನ್ನು ಬರೆದಿಟ್ಟವನು ನ್ಯೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ. ರಾಯನ ಸೈನ್ಯ ಕೋಟೆ ಸುತ್ತುವರಿದಿತ್ತು. ಅಷ್ಟರಲ್ಲಿ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾ ಕೃಷ್ಣಾ ನದಿ ದಾಟಿ ಬಂದ. ಮೇ 19ರಂದು ಕಾಳಗವಾಯಿತು. ಆದಿಲ್ ಶಾನ ತೋಪುಗಳ ಏಟಿಗೆ ರಾಯನ ಮುಂದಿನ ಪಡೆ ಚದುರಿತು. ರಾಯ ಹಿಂಜರಿಯಲಿಲ್ಲ, ತಾನೇ ಮುಂದೆ ನುಗ್ಗಿದ. ಓಡಿದವರಲ್ಲಿ ಎಷ್ಟೋ ಜನ ನದಿಯ ಪಾಲಾದರು. ಆಮೇಲೆ ರಾಯ ಮತ್ತೆ ಕೋಟೆಗೇ ಬಂದ.

ಕಾಳಗಕ್ಕಿಂತ ಮುತ್ತಿಗೆಯ ಕತೆ ನನಗೆ ಜಾಸ್ತಿ ಇಷ್ಟ. ಗೋಡೆ ಕೆಡವಲು ಜನ ಹತ್ತಿರ ಹೋಗಬೇಕಲ್ಲ, ಮೇಲಿಂದ ಗುಂಡು, ಬಾಣ. ಅದಕ್ಕೆ ಕಾಳಗಕ್ಕೂ ಮೊದಲೇ ರಾಯನ ದಂಡನಾಯಕರು ಗೋಡೆಯಿಂದ ಕಿತ್ತು ತಂದ ಕಲ್ಲಿಗೆ ದುಡ್ಡು ಕೊಟ್ಟರಂತೆ. ಕಲ್ಲು ನೋಡಿ ಹತ್ತು, ಇಪ್ಪತ್ತು, ಮೂವತ್ತು, ಐವತ್ತು ಪಣದವರೆಗೆ. ಪಣ ಅಂದ್ರೆ ಆಗಿನ ನಾಣ್ಯ. ಕಾಳಗ ಗೆದ್ದು ಬಂದ ಮೇಲೆ ರಾಯನ ಕಡೆಯ ಪೋರ್ಚುಗೀಸ್ ಬಂದೂಕಿನವರು ಮೇಲಿದ್ದವರನ್ನು ಗುರಿಯಿಟ್ಟು ಹೊಡೆದರು. ಕೋಟೆಯ ಅಧಿಕಾರಿ ಬಗ್ಗಿ ನೋಡಿದಾಗ ಅವನ ಹಣೆಗೇ ಗುಂಡು ಬಿತ್ತು. ಮಾರನೇ ದಿನ ಒಳಗಿನವರು ಶರಣಾದರು.

ಮಗ ಗೋಡೆಯನ್ನೇ ನೋಡುತ್ತಿದ್ದ. "ಅಪ್ಪಾ, ಇದರಾಗ ಐವತ್ತು ಪಣದ ಕಲ್ಲು ಯಾವುದಿರಬಹುದು?" ಎಂದ. ಇಬ್ಬರೂ ಹುಡುಕಿದೆವು. ಒಂದೊಂದು ಕಲ್ಲೂ ಎಮ್ಮೆಯಷ್ಟಿದೆ, ನಡುವೆ ಗಾರೆಯೇ ಇಲ್ಲ.

ಆಮೇಲೆ ಬೆಟ್ಟ ಹತ್ತಿದೆವು. ಮೇಲೆ ಇಪ್ಪತ್ತು ಅಡಿಗೂ ಉದ್ದದ ತೋಪಿದೆ. ಊರು, ಕೆರೆ, ಬಯಲು ಎಲ್ಲಾ ಕಾಣುತ್ತದೆ. ನೀರಿನ ಬಾಟಲಿ ಎರಡು ಬೇಕೇ ಬೇಕು.

ಇಳಿದು ಮಂಡಕ್ಕಿ, ಮಿರ್ಚಿ ತಿಂದು ಸ್ಪರ್ಧೆಯ ಮೈದಾನಕ್ಕೆ ಹೋದೆವು. ಜನವೋ ಜನ. ಬೇಗ ಹೋಗಿದ್ದಕ್ಕೆ ಹಗ್ಗದ ಪಕ್ಕದಲ್ಲೇ ಜಾಗ ಸಿಕ್ಕಿತು. ನೊಗಕ್ಕೆ ಸರಪಳಿ, ಸರಪಳಿಗೆ ಟನ್‌ಗಟ್ಟಲೆ ತೂಗುವ ಕಲ್ಲು. ಗೊತ್ತು ಮಾಡಿದ ಹೊತ್ತಿನಲ್ಲಿ ಯಾವ ಜೋಡಿ ಜಾಸ್ತಿ ದೂರ ಎಳೆಯುತ್ತದೋ ಅದಕ್ಕೆ ಗೆಲುವು. ಎತ್ತುಗಳ ಮುಂಗಾಲು ಮಣ್ಣಿನಲ್ಲಿ ಹೂತು, ಬೆನ್ನು ಬಿಲ್ಲಿನಂತೆ ಬಾಗಿ, ಒಂದು ಗಳಿಗೆ ಏನೂ ಅಲುಗುವುದಿಲ್ಲ. ಕೂಗುತ್ತಿದ್ದವರೂ ಉಸಿರು ಹಿಡಿಯುತ್ತಾರೆ. ಆಮೇಲೆ ಕಲ್ಲು ಕರ್ ಎಂದು ಕದಲುತ್ತದೆ.

ಪಕ್ಕದಲ್ಲಿದ್ದ ಹಿರಿಯರನ್ನು ಕೇಳಿದೆ, "ಯಜಮಾನ್ರೇ, ಯಾವ ಜೋಡಿ ಗೆಲ್ಲುತ್ತೆ ಅಂತ ನಿಮಗೆ ಮೊದಲೇ ಗೊತ್ತಾಗುತ್ತಾ?"

"ಮೊದಲನೇ ಜಗ್ಗಿನಾಗ ಎಲ್ಲಾ ಐತಿ ತಮ್ಮಾ. ಕಲ್ಲು ನೆಲ ಬಿಡಬೇಕು. ಬಿಟ್ಟಿತು ಅಂದ್ರ ಆಮ್ಯಾಲ ಎತ್ತು ಎಳಕೊಂಡು ಹೊಕ್ಕಾವ."

ಆ ಮಾತು ಕೇಳಿದ ಮೇಲೆ ನನಗೆ ಕೂರಲಾಗಲಿಲ್ಲ. ಬೆಳಗ್ಗೆ ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿ ಒಂದು ಕಲ್ಲನ್ನು ಅವಸರದಲ್ಲಿ ನೋಡಿ ಬಂದಿದ್ದೆವು. 41 ಅಡಿಗೂ ಉದ್ದದ ಒಂದೇ ಕಲ್ಲು. 1294ರಲ್ಲಿ, ಕಾಕತೀಯರ ಕಾಲದಲ್ಲಿ, ಗೋರೆ ಗಂಗಯ್ಯ ರೆಡ್ಡಿ ಈ ಕೋಟೆ ಕಟ್ಟಿಸಿದ ಎಂದು ಅದರ ಮೇಲೆ ತೆಲುಗಿನಲ್ಲಿ ಕೆತ್ತಿದ್ದಾರೆ. ಆ ಕಲ್ಲನ್ನು ತಂದದ್ದು ಹೇಗೆ ಅನ್ನುವ ಚಿತ್ರವೂ ಅಲ್ಲೇ ಇದೆ.

ಸಂಜೆ ಐದಕ್ಕೆ ಮತ್ತೆ ಹೋದೆವು. ಬಿಸಿಲು ಓರೆಯಾಗಿತ್ತು, ಸವೆದ ಗೆರೆಗಳಿಗೆ ನೆರಳು ಬಿದ್ದು ಕೆತ್ತನೆ ಎದ್ದು ಕಾಣುತ್ತಿತ್ತು. ಅರೆಗಳಿಲ್ಲದ ಗಟ್ಟಿ ಗಾಲಿಯ ಬಂಡಿ. ಅದರ ಮೇಲೆ ಉದ್ದ ಕಲ್ಲು. ಮುಂದೆ ಕೋಣಗಳ ಸಾಲು. ಹುರುಪು ಕೊಡುತ್ತಿರುವ ಜನ. ಬೆಳಗ್ಗೆ ನಾವು ಇಷ್ಟನ್ನೇ ನೋಡಿದ್ದು.

"ಅಪ್ಪಾ, ಗಾಲಿ ಹತ್ರ ನೋಡು," ಎಂದ ಮಗ. ಅಲ್ಲಿ ಆಳುಗಳು ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುತ್ತಿದ್ದಾರೆ.

"ಮೊದಲನೇ ಜಗ್ಗು," ಎಂದ. ಬೆರಳು ತೋರಿಸಿಕೊಂಡು ಕೋಣಗಳನ್ನು ಎಣಿಸಲು ಶುರು ಮಾಡಿದ. ಕತ್ತಲಾಗುವವರೆಗೂ ನಾವಿಬ್ಬರೂ ಅಲ್ಲೇ ಇದ್ದೆವು.