ರೂಮ್‌ಮೇಟ್ ಊಟ ಬಿಟ್ಟಾನ, ಕ್ಲಾಸ್ ಬಿಟ್ಟಾನ ಅಂದ್ರ ಏನ್ ಮಾಡ್ಬೇಕು: ಎಂಬಿಬಿಎಸ್ ಹಾಸ್ಟೆಲ್ ಹುಡುಗೂರಿಗೆ

ಫಸ್ಟ್ ಇಯರ್‌ನ್ಯಾಗ ನನ್ನ ರೂಮ್‌ಮೇಟ್‌ಗೆ ರೋಣದ ಕಡಿಂದ ಅವರವ್ವ ವಾರಕ್ಕೊಮ್ಮೆ ಕಂಡಕ್ಟರ್ ಕೈಯಾಗ ಕೊಟ್ಟು ಬುತ್ತಿಗಂಟು ಕಳಸ್ತಿದ್ರು. ಒಂದಿನ ನಾನ ಬಿಚ್ಚಿ ನೋಡಿದ್ರ ಖಡಕ್ ರೊಟ್ಟಿ ಹಂಗ ಅದಾವು, ಝುಣಕದ ವಡಿಗೆ ಬೂಷ್ಟ್ ಹಿಡದೈತಿ, ಐದು ದಿನದಿಂದ ಮುಟ್ಟೇ ಇಲ್ಲ. ಅಷ್ಟರಾಗ ಅವ್ವನ ಫೋನ್ ಬಂತು, "ಹೂಂ ಬೇ, ಉಂಡೆ" ಅಂದ, ಫೋನ್ ಇಟ್ಟು ಗ್ವಾಡಿ ಕಡೆ ಹೊಳ್ಳಿ ಮಕ್ಕೊಂಡ. ಇಂಟರ್ನಲ್ಸ್ ಟೆನ್ಷನ್ ಇರಬೇಕು ಅಂದ್ಕೊಂಡು ನಾ ಬಿಟ್ಟೆ, ಡಾಕ್ಟರ್‌ಗೆ ತೋರಸಾಕ ಎರಡು ತಿಂಗಳು ತಡ ಆತು. ನಿಮಗ ಹಂಗ ಆಗಬಾರದು.

ಡಿಪ್ರೆಷನ್ ಅಂದ್ರ ಅಳಕೋತ ಕೂಡೋದು ಅಂತ ತಿಳ್ಕೊಂಡಿರ್ತೀವಿ, ಹಾಸ್ಟೆಲ್‌ನ್ಯಾಗ ಅದು ಹಂಗ ಕಾಣಂಗಿಲ್ಲ. ಏಪ್ರನ್ ತೊಳ್ದಿರಂಗಿಲ್ಲ, ಅನಾಟಮಿ ಪುಸ್ತಕದಾಗ ಬ್ರೇಕಿಯಲ್ ಪ್ಲೆಕ್ಸಸ್ ಪೇಜ್ ನಾಕು ದಿನ ತಗದಿದ್ದು ತಗದಂಗ ಇರ್ತೈತಿ, ನಸುಕಿನ್ಯಾಗ ಮೂರಕ್ಕ ಎಚ್ಚರಾಗಿ ಮೊಬೈಲ್ ಹಿಡ್ಕೊಂಡು ಕುಂತಿರ್ತಾನ, ವೈವಾದಾಗ ಒಮ್ಮೆ ಬೈಸ್ಕೊಂಡಿದ್ದಕ್ಕ ನನಗ ಡಾಕ್ಟರ್ ಆಗೋ ಯೋಗ್ಯತಿನ ಇಲ್ಲ ಅಂತಾನ. ಇದು ಎರಡು ವಾರ ದಾಟಿದ್ರ ಪಿಎಚ್‌ಕ್ಯೂ-9 ಅನ್ನೋ ಡಿಪ್ರೆಷನ್ ಪ್ರಶ್ನಾವಳಿ ತುಂಬಸ್ರಿ, ಒಂಬತ್ತ ಪ್ರಶ್ನೆ, ಒಟ್ಟು 27 ಅಂಕ. ಹತ್ತು ಅಥವಾ ಹೆಚ್ಚು ಬಂದ್ರ ಡಾಕ್ಟರ್‌ಗೆ ತೋರಸ್ರಿ. ಒಂಬತ್ತನೇ ಪ್ರಶ್ನೆ ಸಾಯೋ ವಿಚಾರದ್ದು, ಅದಕ್ಕ ಸೊನ್ನೆ ಬರಲಿಲ್ಲಂದ್ರ ಉಳಿದದ್ದು ಎಷ್ಟರ ಇರಲಿ, ಅವತ್ತ ತೋರಸ್ರಿ.

ಮಾತಾಡೋದು ಮೆಸ್ಸಿನ್ಯಾಗ ಬ್ಯಾಡ. ನಮ್ಮ ಹುಬ್ಬಳ್ಳಿಯಾಗಾದ್ರ ಉಣಕಲ್ ಕೆರಿ ದಂಡಿಗೆ ಕರ್ಕೊಂಡು ಹೋಗ್ರಿ, "ಹದಿನೈದು ದಿನದಿಂದ ನೀ ಸರಿ ಉಣವಲ್ಲಿ, ನನಗ ಚಿಂತಿ ಹತ್ತೇತಿ" ಅಂತ ಕಂಡದ್ದನ್ನ ಹೇಳ್ರಿ, ಆಮ್ಯಾಲೆ ಸುಮ್ಮ ಕುಂದರ್ರಿ. "ಧೈರ್ಯ ತಗೋ" ಅನಬ್ಯಾಡ್ರಿ. "ಸೀಟ್ ಸಿಗಲಾರದವರು ಎಷ್ಟು ಮಂದಿ ಅದಾರ ನೋಡು" ಅನ್ನೋದಂತೂ ಬ್ಯಾಡೇ ಬ್ಯಾಡ, ಅದನ್ನ ಅವ ದಿನಾ ರಾತ್ರಿ ತನಗ ತಾನ ಅಂದ್ಕೊಂಡ ಸೋತಿರ್ತಾನ.

"ಸಾಯಬೇಕು ಅನಸ್ತೈತೇನು?" ಅಂತ ನೇರ ಕೇಳ್ರಿ. ಕೇಳಿದ್ರ ಇಲ್ಲದ ವಿಚಾರ ತಲಿಗೆ ಬರ್ತೈತಿ ಅನ್ನೋದು ಸುಳ್ಳು. ಹೌದು ಅಂದ್ರ ಒಬ್ಬನ್ನ ಬಿಡಬ್ಯಾಡ್ರಿ, ರೂಮಿನ್ಯಾಗಿನ ಗುಳಿಗಿ ಔಷಧ ಎಲ್ಲಾ ನಿಮ್ಮ ಕಡೆ ಇಟ್ಕೊರಿ, ಕ್ಯಾಶುಯಾಲ್ಟಿಗೆ ಕರ್ಕೊಂಡು ಹೋಗ್ರಿ, ಮನಿಯವರಿಗೆ ಫೋನ್ ಹಚ್ಚರಿ. ಯಾರಿಗೂ ಹೇಳಂಗಿಲ್ಲ ಅಂತ ಆಣಿ ಮಾಡಿದ್ರೂ ಆ ಆಣಿ ಮುರೀರಿ. ರಾತ್ರಿ ಏನೂ ತಿಳೀಲಿಲ್ಲಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಫೋನ್ ಹಚ್ಚರಿ, 14416, 24 ತಾಸೂ ಇರ್ತೈತಿ, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ.

ಕಷ್ಟದ್ದು ಅಂದ್ರ ಸೈಕಿಯಾಟ್ರಿ ಓಪಿಡಿ ಮೆಟ್ಟಿಲು ಹತ್ತಸೋದು. ಬ್ಯಾರೆ ಬ್ಯಾರೆ ದೇಶದ ಮೆಡಿಕಲ್ ವಿದ್ಯಾರ್ಥಿಗಳ ಅಧ್ಯಯನ ಎಲ್ಲಾ ಕೂಡಿಸಿ 2016ರಾಗ ಜಾಮಾ ಜರ್ನಲ್‌ನ್ಯಾಗ ಬಂದಿತ್ತು, ನೂರಕ್ಕ 27 ಮಂದಿಗೆ ಡಿಪ್ರೆಷನ್ ಅಥವಾ ಅದರ ಲಕ್ಷಣ, ಆದ್ರ ಹಂಗ ಕಂಡವರೊಳಗ ಚಿಕಿತ್ಸೆ ಕೇಳಿದವರು ನೂರಕ್ಕ 16ರಷ್ಟ. ತನ್ನ ಕಾಲೇಜಿನ ಓಪಿಡಿಯಾಗ ಪರಿಚಯದ ಸೀನಿಯರ್ ಕುಂತಿರ್ತಾನ, ನಾಳೆ ಬ್ಯಾಚಿಗೆಲ್ಲಾ ಗೊತ್ತಾಗ್ತೈತಿ ಅನ್ನೋ ಹೆದರಿಕಿ. ಹಂಗಿದ್ರ ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಧಾರವಾಡಕ್ಕ ಹೋಗಿ ಅಲ್ಲಿಂದ ಆಟೋ ಮಾಡ್ರಿ, ಬೆಳಗಾವಿ ರೋಡಿನ್ಯಾಗ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆಸ್ಪತ್ರೆ ಐತಿ. ಗದಗ, ಹಾವೇರಿಯವರಿಗೂ ಅದು ದೂರೇನಲ್ಲ. ಚೀಟಿ ನೀವ ಮಾಡಸ್ರಿ, ಕ್ಯೂದಾಗ ಬಾಜೂಕ ಕುಂದರ್ರಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆ ಮಾಹಿತಿ ಗುಟ್ಟಾಗಿರಬೇಕು, ಡಾಕ್ಟರ್ ಸುಮ್ಮಸುಮ್ಮನ ಕಾಲೇಜಿಗೆ ಹೇಳಂಗಿಲ್ಲ, ಇದನ್ನ ಅವಂಗ ಮೊದಲ ತಿಳಸ್ರಿ. ಥೈರಾಯ್ಡ್, ಬಿ12 ತೊಂದ್ರಿಯಿಂದನೂ ಹಿಂಗ ಆಗ್ಬಹುದು ಅಂತ ಡಾಕ್ಟರ್ ಅವುಗಳ ರಕ್ತ ಪರೀಕ್ಷೆನೂ ಮಾಡಸ್ಬಹುದು.

ಗುಳಿಗಿ ವಿಷಯದಾಗ ನಾವ ದೊಡ್ಡ ತಪ್ಪು ಮಾಡೋದು. ಫಾರ್ಮಕಾಲಜಿ ಓದೇವಿ ಅಂತ ಯಾರ್ದೋ ಸ್ಟ್ರಿಪ್ ಇಸ್ಕೊಂಡು ಎಸ್ಸಿಟಲೋಪ್ರಾಮ್‌ನಂಥ ಡಿಪ್ರೆಷನ್ ಗುಳಿಗಿ ನುಂಗಬ್ಯಾಡ್ರಿ. ಡಾಕ್ಟರ್ ಕೊಟ್ಟದ್ದೂ ಗುಣ ತೋರಸಾಕ ಎರಡರಿಂದ ನಾಕು ವಾರ ಬೇಕು, ಮೊದಲಿನ ವಾರ ವಾಕರಿಕಿ, ಚಡಪಡಿಕಿ ಆಗ್ಬಹುದು, 25 ವರ್ಷದೊಳಗಿನವರಿಗೆ ಶುರುವಿನ್ಯಾಗ ಸಾಯೋ ವಿಚಾರ ಹೆಚ್ಚಾಗೋ ಸಾಧ್ಯತೆನೂ ಐತಿ, ಅದಕ್ಕ ಆ ದಿನದಾಗ ಊರಿಗೆ ಹೋಗೋದಿದ್ರ ಅವನ್ನೂ ಜೋಡಿ ಕರ್ಕೊಂಡು ಹೋಗ್ರಿ. ಆರಾಮ ಆದಮ್ಯಾಲೂ ಸುಮಾರು ಆರು ತಿಂಗಳು ತಗೋಬೇಕಾಗ್ತೈತಿ, ಎಕ್ಸಾಮ್ ಮುಗೀತು ಅಂತ ಬಿಡೋದಲ್ಲ.

ಜೀವಕ್ಕ ಅಪಾಯ ಇಲ್ಲಂದ್ರ ಅವ್ವಗ ಹೇಳೋದು ಅವಂದ ಕೆಲಸ, ನೀವು ಬಾಜೂಕ ಇರ್ರಿ ಸಾಕು. ನನ್ನ ರೂಮ್‌ಮೇಟ್ ಹೇಳಿದಾಗ ಅವರವ್ವ ಏನೂ ಕೇಳಲಿಲ್ಲ, ಮರುದಿನ ಮುಂಜಾನಿ ಫಸ್ಟ್ ಬಸ್ಸಿಗೆ ಬುತ್ತಿ ಜೋಡಿ ತಾನ ಬಂದ್ರು.