ಪಾಯಿಂಟ್‌ನಲ್ಲಿ ಐದು ಜನ ಕಾಶಿಗೆ: ಚಿಕ್ಕಬಳ್ಳಾಪುರದ ಒಂದು ಮನೆಯ ಲೆಕ್ಕ

ಐದು ಜನಕ್ಕೆ ಬೆಂಗಳೂರಿನಿಂದ ವಾರಾಣಸಿಗೆ ಹೋಗಿಬರುವ ವಿಮಾನ ಟಿಕೆಟ್ ಹೆಚ್ಚುಕಮ್ಮಿ 58,000 ರೂಪಾಯಿ. ಕೈಯಿಂದ ಕೊಟ್ಟಿದ್ದು 18,000. ಉಳಿದ 40,000 ಎರಡು ವರ್ಷದಲ್ಲಿ ಕ್ರೆಡಿಟ್ ಕಾರ್ಡಿನಿಂದ ಕೂಡಿಬಂದದ್ದು. "ಕಾರ್ಡು ಅಂದ್ರೆ ಸಾಲ, ಸಾಲದಲ್ಲಿ ಯಾತ್ರೆ ಮಾಡ್ತೀರಾ?" ಅಂತಿದ್ದ ನಮ್ಮ ಷಡ್ಡಕರು ಈಗ ಲೆಕ್ಕದ ಹಾಳೆ ಕಳಿಸಿ ಅಂತಿದ್ದಾರೆ. ಕಾರ್ಡಿನಲ್ಲಿ ಖರ್ಚು ಮಾಡಿದ್ದಕ್ಕೆ ಬ್ಯಾಂಕು ಬಹುಮಾನವಾಗಿ ಕೊಡುವ ಅಂಕವೇ ಪಾಯಿಂಟ್, ಅದನ್ನ ದುಡ್ಡಿನ ಬದಲು ಟಿಕೆಟಿಗೆ ಹಾಕಬಹುದು.

ಮೊದಲು ಒಟ್ಟು ಲೆಕ್ಕ. ಎರಡು ವರ್ಷದ ಖರ್ಚು ಸುಮಾರು 13 ಲಕ್ಷ: ಸ್ಕೂಲ್ ಫೀಸು, ಇನ್ಶೂರೆನ್ಸ್, ದಿನಸಿ, ಬಟ್ಟೆ, ಆಸ್ಪತ್ರೆ, ಮನೆ ರಿಪೇರಿಯ ಟೈಲ್ಸು, ಪೈಪು. ಅದರಲ್ಲಿ ಸುಮಾರು 2 ಲಕ್ಷಕ್ಕೆ ಒಂದು ಪಾಯಿಂಟೂ ಬರಲಿಲ್ಲ. ಪೆಟ್ರೋಲು, ವಾಲೆಟ್‌ಗೆ ತುಂಬಿದ್ದು, ಕಂದಾಯ, ಇಎಂಐ ಎಲ್ಲ ಅದರಲ್ಲೇ ಹೋಯಿತು. 8 ಲಕ್ಷದಷ್ಟಕ್ಕೆ 150 ರೂಪಾಯಿಗೆ 4 ಪಾಯಿಂಟ್ ಲೆಕ್ಕದಲ್ಲಿ 21,000 ಚಿಲ್ಲರೆ. ಬ್ಯಾಂಕಿನ ಪೋರ್ಟಲ್‌ನಲ್ಲಿ ದಿನಸಿ ಮತ್ತು ಬಟ್ಟೆ ಅಂಗಡಿಗಳ ವೋಚರ್ (ಮೊದಲೇ ದುಡ್ಡು ಕಟ್ಟಿ ಪಡೆಯುವ ಕೂಪನ್) ಕೊಂಡು ಖರ್ಚು ಮಾಡಿದ್ದು ಬರೀ 2.9 ಲಕ್ಷ, ಆದರೆ ಅಲ್ಲಿ ಐದು ಪಟ್ಟು, ಸುಮಾರು 38,500 ಪಾಯಿಂಟ್. ಫಲ ಕೊಟ್ಟಿದ್ದು ಇದೇ. ಮುಂದಿನ ತಿಂಗಳ ದಿನಸಿ ಎಷ್ಟಾಗುತ್ತೆ ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತೆ, ಅಷ್ಟಕ್ಕೆ ಮಾತ್ರ ವೋಚರ್ ಕೊಳ್ಳಬೇಕು. ಯಾವ ವೋಚರನ್ನ ತಿಂಗಳ ಯಾವ ದಿನ ಕೊಂಡರೆ ಲಾಭ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಎಲ್ಲರೂ ಶುರು ಮಾಡಿದರೆ ಆ ದಾರಿ ಮುಚ್ಚಿಹೋಗುತ್ತೆ.

ಒಟ್ಟು 60,000 ಪಾಯಿಂಟ್. ಪಾಯಿಂಟಿನ ಬೆಲೆ ಎಲ್ಲಾ ಕಡೆ ಒಂದೇ ಅಂದುಕೊಂಡರೆ ಅಲ್ಲೇ ನಷ್ಟ. ನನ್ನ ಕಾರ್ಡಿನಲ್ಲಿ ಬಿಲ್ಲಿಗೆ ವಜಾ ಹಾಕಿಸಿದರೆ 20 ಪೈಸೆ, ವಿಮಾನ ಟಿಕೆಟಿಗೆ ಹಾಕಿದರೆ 50 ಪೈಸೆ. ಶುರುವಿನಲ್ಲಿ, ಈ 60,000ಕ್ಕೆ ಸೇರದ 8,000 ಪಾಯಿಂಟಿಗೆ ಮಿಕ್ಸರ್ ತರಿಸಿದ್ದೆ, ಪೇಟೆಯಲ್ಲಿ ಅದರ ಬೆಲೆ 2,100. ಅದೇ ಪಾಯಿಂಟ್ ಟಿಕೆಟಿಗೆ 4,000 ಆಗುತ್ತಿತ್ತು. ಪಾಯಿಂಟ್ ಬಿಡಿಸಿದಾಗ (ರಿಡೀಮ್) 99 ರೂಪಾಯಿ ಮತ್ತು ಜಿಎಸ್‌ಟಿ ಬೇರೆ ಹಿಡಿದರು. ಹಾಗಾಗಿ ಸಣ್ಣ ಸಣ್ಣದಾಗಿ ಬಿಡಿಸಬೇಡಿ, ಒಟ್ಟಿಗೆ ಬಿಡಿಸಿ.

ಟಿಕೆಟ್ ಮಾಡಿದ್ದು ಹೀಗೆ. ಹೋಗುವಾಗ ಐದೂ ಟಿಕೆಟ್, ಬರುವಾಗ ಮೂರು, ಬ್ಯಾಂಕಿನ ಪೋರ್ಟಲ್‌ನಲ್ಲಿ ಸುಮಾರು 46,800. ಅಲ್ಲಿ ಬಿಲ್ಲಿನ 70 ಪರ್ಸೆಂಟ್‌ವರೆಗೆ ಮಾತ್ರ ಪಾಯಿಂಟ್ ತಗೋತಾರೆ, 30,000 ಹಾಕಿದೆ. ಬರುವಾಗಿನ ಎರಡು ಟಿಕೆಟನ್ನ ಏರ್‌ಲೈನ್ ಸೈಟಿನಲ್ಲೇ ಮಾಡಿದೆ, 11,200. ಖರ್ಚಿನ ಗುರಿ ಮುಟ್ಟಿದ್ದಕ್ಕೆ ಬಂದಿದ್ದ 5,000ದ ಎರಡು ವೋಚರ್ ಅಲ್ಲಿಗಾಯಿತು. ಪೋರ್ಟಲ್‌ನಲ್ಲಿ ಟಿಕೆಟಿಗೆ 200ರಿಂದ 400 ಜಾಸ್ತಿ ತೋರಿಸುತ್ತೆ, ಪಕ್ಕದಲ್ಲಿ ಏರ್‌ಲೈನ್ ಸೈಟು ತೆರೆದಿಟ್ಟುಕೊಂಡೇ ಒತ್ತಿ. ಒಂದೇ ಮನೆಯವರು ಎರಡು ಬುಕಿಂಗ್ ನಂಬರಿನಲ್ಲಿ, ಅಂದರೆ ಎರಡು ಪಿಎನ್‌ಆರ್‌ನಲ್ಲಿದ್ದರೆ ವೇಳೆ ಬದಲಾದಾಗ ಎರಡನ್ನೂ ಬೇರೆ ಬೇರೆ ಸರಿಮಾಡಿಸಬೇಕು. ಮಕ್ಕಳನ್ನು ದೊಡ್ಡವರ ಪಿಎನ್‌ಆರ್‌ನಲ್ಲೇ ಇಡಿ.

ಇನ್ನು ಕೆಟ್ಟದ್ದು. ಆಟೋಪೇ (ಬಿಲ್ಲಿನ ಹಣ ಖಾತೆಯಿಂದ ತಾನಾಗಿಯೇ ಹೋಗುವ ವ್ಯವಸ್ಥೆ) ಹಾಕಿಸುವಾಗ ಫಾರಂನಲ್ಲಿ "ಕನಿಷ್ಠ ಬಾಕಿ" ಅನ್ನೋ ಕಡೆ ಟಿಕ್ ಆಗಿಹೋಗಿತ್ತು. 42,000 ಬಿಲ್ಲಿಗೆ ಖಾತೆಯಿಂದ 2,100 ಮಾತ್ರ ಹೋಯಿತು. ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಹಳೆ ಬಾಕಿ ಇರುವವರೆಗೆ ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನಗಳು ಸಿಗಲ್ಲ. ಒಟ್ಟು 1,900 ಚಿಲ್ಲರೆ ಹೋಯಿತು, ಅಂದರೆ 3,800 ಪಾಯಿಂಟ್. ಆಟೋಪೇ ಪುಟದಲ್ಲಿ "ಪೂರ್ತಿ ಬಾಕಿ" ಅಂತ ಇದೆಯಾ ಅಂತ ಇವತ್ತೇ ನೋಡಿ. ಬಿಲ್ಲಿನ ದಿನ ನಿಮ್ಮ ಆದಾಯದ ದಿನಕ್ಕೆ ಹೊಂದದಿದ್ದರೆ ಬದಲಾಯಿಸಿ ಅಂತ ಕೇಳಿ, ಆರ್‌ಬಿಐ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಹದಿನೈದು ದಿನಕ್ಕೊಮ್ಮೆ ಡೇರಿ ಬಟವಾಡೆ ಬರುವ ಮನೆಗಳಿಗೆ ಇದು ದೊಡ್ಡ ಅನುಕೂಲ.

ಎರಡನೇ ಪೆಟ್ಟು ಅಂಗಡಿಯ ಕೋಡು. ಸ್ವೈಪ್ ಮಷೀನಿಗೆ ನಾಲ್ಕಂಕಿಯ ವ್ಯಾಪಾರಿ ಕೋಡ್ ಇರುತ್ತೆ: ದಿನಸಿ 5411, ಕರೆಂಟು-ನೀರು 4900, ವಾಲೆಟ್ 6540. ಪಾಯಿಂಟ್ ಬರೋದು ಅಂಗಡಿಯ ಬೋರ್ಡು ನೋಡಿ ಅಲ್ಲ, ಈ ಕೋಡು ನೋಡಿ. ಒಂದು ಪೈಪ್ ಅಂಗಡಿಯಲ್ಲಿ 64,000 ಸ್ವೈಪ್ ಮಾಡಿದೆ. ಮಾಲೀಕರ ಮಷೀನು ಅವರ ಇನ್ನೊಂದು ವ್ಯವಹಾರದ ಹೆಸರಿನಲ್ಲಿತ್ತು, ಸೊನ್ನೆ ಬಂತು. ಈಗ ದೊಡ್ಡ ಖರೀದಿಗೆ ಮುಂಚೆ ಅಲ್ಲೇ 200 ರೂಪಾಯಿಯ ಸಣ್ಣ ಸಾಮಾನು ಕೊಂಡು, ಪಾಯಿಂಟ್ ಬಿದ್ದ ಮೇಲೇ ಉಳಿದದ್ದನ್ನ ಕೊಳ್ತೀನಿ. ಮನೆ ಕಾರ್ಡಿನಲ್ಲಿ ಅಂಗಡಿ ಸರಕು ಕೊಳ್ಳಬೇಡಿ. ಬ್ಯಾಂಕಿನವರು ವ್ಯಾಪಾರದ ಬಳಕೆ ಅಂತ ಪಾಯಿಂಟ್ ತಡೆದರೆ ವಾದ ಮಾಡಲು ದಾರಿಯಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕು ಇನಿಶಿಯಲ್. ಆಧಾರಿನಲ್ಲಿ ಹೆಸರಿನ ಹಿಂದೆ, ಕಾರ್ಡಿನಲ್ಲಿ ಹೆಸರಿನ ಮುಂದೆ, ಏರ್‌ಲೈನ್ ಖಾತೆಯಲ್ಲಿ ಇನಿಶಿಯಲ್ ಬಿಡಿಸಿ ಊರಿನ ಹೆಸರು. ಏರ್‌ಲೈನ್ ಮೈಲ್ಸ್ ಖಾತೆಗೆ (ವಿಮಾನ ಕಂಪನಿಯದೇ ಪಾಯಿಂಟ್ ಖಾತೆ) 10,000 ಪಾಯಿಂಟ್ ಕಳಿಸಿ ನೋಡಿದೆ. ಹೆಸರು ಹೊಂದಲಿಲ್ಲ, ವಾಪಸ್ ಬರಲು ಮೂರು ವಾರ ಹಿಡಿಯಿತು. ಸರಿಯಾಗಿ ಹೋಗಿದ್ದರೆ ಹಿಂದಕ್ಕೆ ಬರುತ್ತಲೇ ಇರಲಿಲ್ಲ, ಟಿಕೆಟಿನ ಟ್ಯಾಕ್ಸಂತೂ ಆಗಲೂ ಕೈಯಿಂದಲೇ. ಕಾರ್ಡಿನಲ್ಲಿ ಇರುವ ಹಾಗೇ ಏರ್‌ಲೈನ್ ಖಾತೆ ತೆರೆಯಿರಿ, ಪ್ರಯಾಣಿಕರ ಹೆಸರು ಮಾತ್ರ ಗುರುತಿನ ಚೀಟಿಯ ಪ್ರಕಾರ.

ಸುಮ್ಮನೆ ಒಂದು ಪ್ರಯೋಗವನ್ನೂ ಮಾಡಿದೆ: ರುಪೇ ಕ್ರೆಡಿಟ್ ಕಾರ್ಡನ್ನ ಯುಪಿಐಗೆ ಜೋಡಿಸಿ ಆರು ತಿಂಗಳು ಊರಲ್ಲಿ ಸ್ಕ್ಯಾನ್. ಹೂವಿನವರು, ತರಕಾರಿಯವರಲ್ಲಿ ಅರ್ಧ ಜನರ ಕ್ಯೂಆರ್ ಸ್ವಂತ ಹೆಸರಿನದು, ಅಲ್ಲಿ ಕ್ರೆಡಿಟ್ ನಡೆಯಲ್ಲ, ವ್ಯಾಪಾರಿ ಕ್ಯೂಆರ್ ಬೇಕು. ನಡೆದ ಕಡೆಯೂ ಒಂದು ಪಾಲು ಪೂರ್ತಿ ತುಂಬಿದರಷ್ಟೇ ಪಾಯಿಂಟ್: 140 ರೂಪಾಯಿಗೆ ಸೊನ್ನೆ, 290ಕ್ಕೆ ಒಂದೇ ಪಾಲು. ಚಿಲ್ಲರೆ ಲೆಕ್ಕಕ್ಕೆ ಬರಲ್ಲ. ವಾರಕ್ಕೊಮ್ಮೆ 600ರ ತರಕಾರಿ ಒಟ್ಟಿಗೆ ತಂದರೆ ಮಾತ್ರ ಏನಾದರೂ ಸಿಕ್ಕೀತು.

ಫೀಸು: ಮೊದಲ ವರ್ಷ 2,500 ಮತ್ತು ಜಿಎಸ್‌ಟಿ ಸೇರಿ 2,950, ಎರಡನೇ ವರ್ಷ ಖರ್ಚು ಮುಟ್ಟಿದ್ದಕ್ಕೆ ಮಾಫಿ. ಬಡ್ಡಿಯ ಪೆಟ್ಟನ್ನೂ ಕಳೆದರೆ ನಿಜವಾಗಿ ಉಳಿದದ್ದು 35,000. ಹೆಂಡತಿಗೆ ನನ್ನ ಖಾತೆಯಲ್ಲೇ ಆಡ್-ಆನ್ (ಹೆಚ್ಚುವರಿ) ಕಾರ್ಡ್ ಮಾಡಿಸಿದ್ದರಿಂದ ಇಬ್ಬರ ಪಾಯಿಂಟೂ ಒಂದೇ ಕಡೆ ಬಿತ್ತು, ಬೇರೆ ಬೇರೆ ಕಾರ್ಡಿದ್ದರೆ 60,000 ಆಗುತ್ತಿರಲಿಲ್ಲ. ವಿಮಾನ ನಿಲ್ದಾಣ ನಮಗೆ ಬೆಂಗಳೂರಿನ ಎಷ್ಟೋ ಬಡಾವಣೆಗಳಿಗಿಂತ ಹತ್ತಿರ, ಟ್ಯಾಕ್ಸಿ ಖರ್ಚು ಕಮ್ಮಿಯೇ. ವಿಮಾನ ನಿಲ್ದಾಣದ ಲೌಂಜಿನಲ್ಲಿ ಕಾರ್ಡಿಗೆ ಸಿಗುವ ಊಟ ನಂಬಿಕೊಂಡು ಹೊರಡಬೇಡಿ, ಹಿಂದಿನ ಮೂರು ತಿಂಗಳ ಖರ್ಚಿನ ಷರತ್ತು ಈಗ ಬಹಳ ಕಾರ್ಡುಗಳಲ್ಲಿದೆ. ಬುತ್ತಿಗೆ ಚಪಾತಿ, ಪುಳಿಯೋಗರೆ ಕಟ್ಟಿಕೊಂಡೇ ಹೋದೆವು.

ಮುಂದಿನ ಸಲ ಬರುವಾಗ ರೈಲು. ವಾರಾಣಸಿ ಹತ್ತಿರದ ಪಂಡಿತ್ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್‌ನಿಂದ ಬೆಂಗಳೂರಿಗೆ ಸಂಘಮಿತ್ರ ರೈಲು. 2024ರ ನವೆಂಬರ್‌ನಿಂದ ರಿಸರ್ವೇಶನ್ 60 ದಿನ ಮುಂಚೆ ಮಾತ್ರ, ಹಾಗಾಗಿ ಪಾಯಿಂಟ್ ಅಷ್ಟರೊಳಗೆ ಖಾತೆಯಲ್ಲಿ ಬಿದ್ದಿರಬೇಕು. ಬಿಲ್ ಬಂದ ಮೇಲಷ್ಟೇ ಪಾಯಿಂಟ್ ಬೀಳುವ ಕಾರ್ಡಾದರೆ ದೊಡ್ಡ ಖರ್ಚನ್ನ ಅದಕ್ಕೂ ಒಂದು ತಿಂಗಳು ಮುಂಚೆಯೇ ಮಾಡಿ. ಸ್ಕೂಲ್ ಫೀಸನ್ನ ಈ ಸಲ ಹಾಗೇ ಮುಂಚೆ ಕಟ್ಟಿದ್ದೀನಿ.