ತೊಟ್ಟಿಲ ತೆರಿಗೆ, ಎತ್ತಿನ ನೀರು

ಮರಣಬಾವಿಯಲ್ಲಿ ಒಂದು ಆಟ ಎಂದರೆ ಎಷ್ಟು? ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿ ನಾನು ತಲೆ ಕೆಡಿಸಿಕೊಂಡ ಪ್ರಶ್ನೆಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ನರೇಗಾ ಕೂಲಿಯ ಲೆಕ್ಕ, ಇ-ಸ್ವತ್ತಿನ ತಕರಾರು, ಸುಟ್ಟುಹೋದ ಬೋರ್‌ವೆಲ್ ಮೋಟರು, ಇವುಗಳ ಬಗ್ಗೆ ಕೇಳಲು ಯಾರಾದರೂ ಸಿಗುತ್ತಾರೆ. ಹಲಗೆಯ ಬಾವಿಯೊಳಗೆ ಮೋಟಾರ್ ಸೈಕಲ್ ಸುತ್ತಿಸುವವನ ತೆರಿಗೆಯನ್ನು ಹೇಗೆ ಎಣಿಸಬೇಕು ಎಂದು ಹಿರಿಯ ಸಹೋದ್ಯೋಗಿಗಳನ್ನು ಕೇಳಿದರೆ ಚಹಾ ತರಿಸಿ ನಕ್ಕರು.

ಬಾಗಲಕೋಟೆ ಜಿಲ್ಲೆಯ ಎರೆನೆಲದ ಊರದು. ಭಾರತ ಹುಣ್ಣಿಮೆಗೆ ತೇರು, ತೇರಿನ ಜೊತೆಗೆ ದನಗಳ ಜಾತ್ರೆ. ಕಿಲಾರಿ ಹೋರಿಗಳನ್ನು ಹಿಡಿದುಕೊಂಡು ಸುತ್ತಲಿನ ತಾಲ್ಲೂಕುಗಳ ರೈತರು ಬರುತ್ತಾರೆ, ವಿಜಯಪುರದ ಕಡೆಯವರು ಬರುತ್ತಾರೆ, ಮಹಾರಾಷ್ಟ್ರದ ವ್ಯಾಪಾರಿಗಳೂ ಬರುತ್ತಾರೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾತಾಡುವ ದಲ್ಲಾಳಿಗಳು ಇನ್ನೂ ಇದ್ದಾರೆ. ಕೃಷಿ ಇಲಾಖೆಯವರು ಒಂದು ಪೆಂಡಾಲಿನಲ್ಲಿ ಬೀಜ, ಕೂರಿಗೆ, ಹನಿ ನೀರಾವರಿಯ ಪೈಪು ಇಟ್ಟು ಪ್ರದರ್ಶನ ನಡೆಸುತ್ತಾರೆ. ಪಶುವೈದ್ಯರು ಒಳ್ಳೆಯ ಜೋಡಿಗೆ ಬಹುಮಾನ ಕೊಡುತ್ತಾರೆ. ಹೊಲದ ಇನ್ನೊಂದು ಅಂಚಿನಲ್ಲಿ ತೊಟ್ಟಿಲು, ತೂಗುವ ಹಡಗು, ಮರಣಬಾವಿ, ಮ್ಯಾಜಿಕ್ ಗುಡಾರ, ಒಂದು ನಾಟಕ ಕಂಪನಿ.

2017ರ ಮಳೆಗಾಲದಲ್ಲಿ ನಾನು ಆ ಪಂಚಾಯಿತಿಗೆ ವರ್ಗವಾಗಿ ಬಂದೆ. ಜಿಎಸ್‌ಟಿ ಜಾರಿಯಾಗಿ ಕೆಲವೇ ವಾರಗಳಾಗಿದ್ದವು. ಅದುವರೆಗೆ ಮನರಂಜನಾ ತೆರಿಗೆ ಎಂದರೆ 1958ರ ರಾಜ್ಯ ಕಾಯ್ದೆ, ವಾಣಿಜ್ಯ ತೆರಿಗೆ ಇಲಾಖೆಯ ಬಾಬತ್ತು. ಜುಲೈ 1ರಿಂದ ಅದು ಜಿಎಸ್‌ಟಿಯೊಳಗೆ ಕರಗಿತು. ಆದರೆ ಪೂರ್ತಿ ಕರಗಲಿಲ್ಲ. ಜಿಎಸ್‌ಟಿಗಾಗಿ ಸಂವಿಧಾನದ 101ನೇ ತಿದ್ದುಪಡಿ ಮಾಡುವಾಗ, ರಾಜ್ಯಗಳ ಅಧಿಕಾರಕ್ಕೆ ಬಿಟ್ಟ ವಿಷಯಗಳ ಪಟ್ಟಿಯಾದ ರಾಜ್ಯಪಟ್ಟಿಯ 62ನೇ ನಮೂದನ್ನು ಅಳಿಸಿಹಾಕದೆ, ಪಂಚಾಯಿತಿ, ನಗರಸಭೆಯಂಥ ಸ್ಥಳೀಯ ಸಂಸ್ಥೆಗಳು ವಿಧಿಸಿ ವಸೂಲು ಮಾಡುವ ಮಟ್ಟಿಗೆ ಮನರಂಜನೆಯ ಮೇಲಿನ ತೆರಿಗೆಯನ್ನು ಉಳಿಸಿದರು. ನಮ್ಮ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣದಲ್ಲಂತೂ 1993ರಿಂದಲೇ ಆ ಅಧಿಕಾರ ಇತ್ತು: ಸಿನಿಮಾ ಬಿಟ್ಟು ಉಳಿದ ಮನರಂಜನೆಗೆ ಗ್ರಾಮ ಪಂಚಾಯಿತಿ ತೆರಿಗೆ ಹಾಕಬಹುದು. ಆ ಊರಿನಲ್ಲಿ ಅದನ್ನು ಯಾರೂ ಬಳಸಿರಲಿಲ್ಲ. ಬಳಸುವ ಅಗತ್ಯವೂ ಇರಲಿಲ್ಲ, ಏಕೆಂದರೆ ಜಾತ್ರೆಯ ಸುಂಕವನ್ನು ಇಡಿಯಾಗಿ ಹರಾಜು ಹಾಕಿ ಕೈತೊಳೆದುಕೊಳ್ಳುವ ರೂಢಿಯಿತ್ತು.

ಆ ಹರಾಜಿನ ಫಲವನ್ನು ನಾನು 2018ರ ಜಾತ್ರೆಯ ಮೊದಲ ದಿನವೇ ನೋಡಿದೆ. ಬಳೆ ಅಂಗಡಿಗಳ ಸಾಲಿನ ತುದಿಯಲ್ಲಿ ಒಬ್ಬ ಹಗಲುವೇಷದವರು ಕುಳಿತಿದ್ದರು. ಮುಖದ ನೀಲಿ ಬಣ್ಣ ಬೆವರಿಗೆ ಕುತ್ತಿಗೆವರೆಗೆ ಇಳಿದಿತ್ತು. ಪಕ್ಕದಲ್ಲಿ ಮಗ, ತಗಡಿನ ಗದೆ. ನಾನು ಪಂಚಾಯಿತಿಯವನು ಎಂದು ಗೊತ್ತಾದೊಡನೆ ಸೊಂಟದ ಚೀಲದಿಂದ ಮಡಿಸಿದ ಚೀಟಿ ತೆಗೆದು ತೋರಿಸಿದರು. ‘ಸಾಹೇಬರೇ, ನಾನು ಬೆಳಿಗ್ಗೆಯೇ ಕೊಟ್ಟಿದ್ದೇನೆ.’ ಐವತ್ತು ರೂಪಾಯಿ. ಚೀಟಿಯಲ್ಲಿ ಪಂಚಾಯಿತಿಯ ಹೆಸರಿತ್ತು, ಮುದ್ರೆ ಇರಲಿಲ್ಲ, ‘ಮನರಂಜನೆ’ ಎಂದು ಬರೆದಿತ್ತು. ಅಷ್ಟು ಹೊತ್ತಿಗೆ ಅವರಿಗೆ ಎಷ್ಟು ಸಿಕ್ಕಿದೆ ಎಂದು ಕೇಳಿದೆ. ಮಗ ತಟ್ಟೆಯನ್ನು ನನ್ನ ಕಡೆ ತಿರುಗಿಸಿದ. ನಲವತ್ತೂ ಇರಲಿಲ್ಲ.

ಹರಾಜು ಹಿಡಿದ ಗುತ್ತಿಗೆದಾರನ ಹುಡುಗರು ತೊಟ್ಟಿಲಿನವನ ಹತ್ತಿರ ಎಷ್ಟು ವಸೂಲು ಮಾಡಿದ್ದಾರೆ ಎಂದು ವಿಚಾರಿಸಿದರೆ, ಅಲ್ಲಿ ಒಂದು ಪೈಸೆಯೂ ಇಲ್ಲ. ತೊಟ್ಟಿಲಿನವನು ಅವರಿಗೂ ಅವರ ಸ್ನೇಹಿತರಿಗೂ ಮೂರು ದಿನ ಪುಕ್ಕಟೆ ಸುತ್ತು ಕೊಡುವುದಾಗಿ ಒಪ್ಪಂದವಾಗಿತ್ತು!

ಮಾರನೆಯ ವರ್ಷದಿಂದ ಮನರಂಜನೆಯನ್ನು ಹರಾಜಿನಿಂದ ಹೊರಗೆ ತಂದೆವು. ಸಂತೆ ಸುಂಕ ಹರಾಜಿನಲ್ಲಿ ಇರಲಿ, ತೆರಿಗೆಯನ್ನು ಪಂಚಾಯಿತಿಯ ರಸೀದಿಯಲ್ಲಿ ಪಂಚಾಯಿತಿಯ ಬಿಲ್ ಕಲೆಕ್ಟರೇ ವಸೂಲು ಮಾಡಲಿ ಎಂದು ಸಭೆಯಲ್ಲಿ ಠರಾವಾಯಿತು. ಹೇಳಿದಷ್ಟು ಸುಲಭವಾಗಿ ಆಗಲಿಲ್ಲ. ಗುತ್ತಿಗೆದಾರ ಒಬ್ಬ ಸದಸ್ಯರ ಸೋದರಳಿಯ. ಅಧ್ಯಕ್ಷೆ ಗಟ್ಟಿಯಾಗಿ ನಿಂತರು. ಡಂಗುರ ಸಾರಿಸಿ, ಫಲಕಕ್ಕೆ ಹಚ್ಚಿ, ಆಕ್ಷೇಪಣೆಗೆ ಕಾಲ ಕೊಟ್ಟೆವು. ಕಾಯ್ದೆಯ ಅನುಸೂಚಿಯಲ್ಲಿ ಗರಿಷ್ಠ ದರ ಇದೆ, ಅದನ್ನು ಮೀರುವ ಹಾಗಿಲ್ಲ. ಅದರೊಳಗೆ ‘ಪ್ರತಿ ಆಟಕ್ಕೆ ಇಷ್ಟು’ ಎಂದು ಒಂದು ಸಣ್ಣ ಮೊತ್ತ ಗೊತ್ತುಮಾಡಿದೆವು.

ಆಗ ಎದ್ದದ್ದು ನಾನು ಮೊದಲು ಹೇಳಿದ ಪ್ರಶ್ನೆ. ನಾಟಕಕ್ಕೆ ತೊಂದರೆಯಿಲ್ಲ, ಸಂಜೆ ಒಂದು ಆಟ, ರಾತ್ರಿ ಹತ್ತಕ್ಕೆ ಇನ್ನೊಂದು, ಎರಡಕ್ಕೂ ಗಂಟೆ ಬಾರಿಸುತ್ತಾರೆ, ಊರಿಗೇ ಕೇಳಿಸುತ್ತದೆ. ತೊಟ್ಟಿಲಿಗೆ ಆಟ ಎಲ್ಲಿ ಶುರು, ಎಲ್ಲಿ ಮುಗಿತಾಯ? ಒಂದು ಸುತ್ತೇ, ತುಂಬಿ ಖಾಲಿಯಾಗುವುದೇ? ಮರಣಬಾವಿಯವನು ಮೈಕಿನಲ್ಲಿ ಕೂಗುತ್ತಲೇ ಇರುತ್ತಾನೆ. ಮೇಲಿನ ಕಟಕಟೆಯಲ್ಲಿ ಮೂವತ್ತು ಜನ ಕೂಡಿದರೆ ಸವಾರ ಬಾವಿಗೆ ಇಳಿಯುತ್ತಾನೆ, ಹದಿನೈದು ಜನರಿದ್ದರೆ ಸುಮ್ಮನೆ ಎಕ್ಸಿಲರೇಟರ್ ತಿರುವಿ ಸದ್ದು ಮಾಡುತ್ತಾನೆ. ಬಿಲ್ ಕಲೆಕ್ಟರ್ ಒಂದು ಸಂಜೆ ಅಲ್ಲೇ ಆಟಕ್ಕೊಂದು ಗೀಟು ಎಳೆಯುತ್ತಾ ನಿಂತ. ರಾತ್ರಿ ಹನ್ನೊಂದಕ್ಕೆ ಬಂದು, ‘ಸರ್, ಇಪ್ಪತ್ತೆರಡು ಆಟ. ಅದರಲ್ಲಿ ಎರಡು ನನಗೆಂದೇ ಮಾಡಿದರು, ಅವನ್ನು ಹಿಡಿಯಬೇಕೇ?’ ಎಂದು ಕೇಳಿದ.

ಅದರ ಮುಂದಿನ ಜಾತ್ರೆಯೊಳಗೆ ಠರಾವಿಗೆ ಒಂದು ಸಾಲು ಸೇರಿಸಿದೆವು: ಯಂತ್ರದಿಂದ ನಡೆಯುವ ಮನರಂಜನೆಗೆ ಒಂದು ದಿನ ಎಂದರೆ ಒಂದು ಆಟ. ವಿವರಣೆ ಅಷ್ಟೇ, ದರ ಅದೇ. ಬರುವ ಹಣ ಕಡಿಮೆಯಾಯಿತು, ಒಪ್ಪುತ್ತೇನೆ. ಆದರೆ ಎಣಿಸುವ ಕೆಲಸ ಇಲ್ಲವಾಯಿತು, ಎಣಿಸುವವನಿಗೆ ತೋರಿಸುವ ಪುಕ್ಕಟೆ ಆಟವೂ ಇಲ್ಲವಾಯಿತು. ಹಣವನ್ನು ತೊಟ್ಟಿಲು ಏಳುವ ಮೊದಲೇ, ಕಂಬದ ಗುಂಡಿ ತೋಡುವ ದಿನವೇ ಕಟ್ಟಿಸಿಕೊಳ್ಳುತ್ತಿದ್ದೆ. ಜಾತ್ರೆ ಮುಗಿದ ರಾತ್ರಿ ಮೂರು ಲಾರಿಗಳಲ್ಲಿ ಕಬ್ಬಿಣ ತುಂಬಿಕೊಂಡು ಹೋಗುವವರನ್ನು ಬೆನ್ನಟ್ಟುವ ವಯಸ್ಸು ನನ್ನದಲ್ಲ.

ಮುಂಗಡದ ಪದ್ಧತಿಗೆ ಒಂದು ತೊಡಕು ಇತ್ತು, ಅದು 2018ರಲ್ಲೇ ತೋರಿತ್ತು. ಆ ವರ್ಷದ ಭಾರತ ಹುಣ್ಣಿಮೆ ಜನವರಿ 31. ಅದೇ ಸಂಜೆ ಖಗ್ರಾಸ ಚಂದ್ರಗ್ರಹಣ. ಗುಡಿ ಮುಚ್ಚಿತು, ಜನ ಮನೆ ಸೇರಿದರು, ನಾಟಕದ ಮೊದಲ ಆಟವಿಲ್ಲ, ತೊಟ್ಟಿಲಿನ ದೀಪ ಹತ್ತಲಿಲ್ಲ. ಕೆಂಪು ಚಂದ್ರನ ಕೆಳಗೆ ಸಾವಿರಾರು ದನಗಳು ಮಾತ್ರ ಮೆಲುಕು ಹಾಕುತ್ತಾ ಇದ್ದವು. ‘ಗ್ರಹಣದ ದಿನದ ನೆಲಬಾಡಿಗೆ ಯಾಕೆ ಕೊಡಬೇಕು?’ ಎಂದು ನಾಟಕದ ಮ್ಯಾನೇಜರರು ಕೇಳಿದಾಗ, ನೆಲದ ಮೇಲೆ ನಿಮ್ಮ ಗುಡಾರ ಇತ್ತಲ್ಲ ಎಂದೆ. ಬಾಡಿಗೆಗೆ ಆ ಮಾತು ಸರಿ. ತೆರಿಗೆಗೆ ಸರಿಯಲ್ಲ; ಆಟವಿಲ್ಲದ ದಿನ ಮನರಂಜನೆ ಇಲ್ಲ, ತೆರಿಗೆಯೂ ಇಲ್ಲ. ಹಾಗಾಗಿ ಮುಂಗಡ ಕಟ್ಟಿಸಿಕೊಂಡ ವರ್ಷಗಳಲ್ಲಿ ಮಳೆ, ಕರೆಂಟು, ಊರಿನಲ್ಲಿ ಸಾವು, ಯಾವ ಕಾರಣಕ್ಕೆ ಆಟ ನಿಂತರೂ ಆ ದಿನದ್ದನ್ನು ಹಿಂದಿರುಗಿಸುತ್ತಿದ್ದೆ.

ಬಾಡಿಗೆ ಮತ್ತು ತೆರಿಗೆ ಬೇರೆ ಬೇರೆ ಎಂಬುದನ್ನು ನಾನೂ ಪೆಟ್ಟು ತಿಂದೇ ಕಲಿತದ್ದು. ಮೊದಲ ಸಲ ಎಲ್ಲವನ್ನೂ ಒಂದೇ ರಸೀದಿಯಲ್ಲಿ ‘ಜಾತ್ರೆ ಶುಲ್ಕ’ ಎಂದು ಬರೆದುಬಿಟ್ಟೆ. ಲೆಕ್ಕಪರಿಶೋಧನೆಗೆ ಬಂದವರು ಕೆಂಪು ಶಾಯಿಯಲ್ಲಿ ಎರಡು ಪುಟ ಆಕ್ಷೇಪಣೆ ಬರೆದರು, ಅದನ್ನು ತೀರಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಮೂರು ರಸೀದಿ ಮಾಡಿದೆ: ನೆಲಬಾಡಿಗೆ ಒಂದು, ನೀರು ಮತ್ತು ಸ್ವಚ್ಛತೆಯ ಶುಲ್ಕ ಒಂದು, ಮನರಂಜನಾ ತೆರಿಗೆ ಒಂದು. ಗುಡಿಯ ಜಾಗದಲ್ಲಿ ನಿಂತವರಿಗೆ ಮೊದಲನೆಯದು ಇಲ್ಲ, ಅದು ಗುಡಿಗೆ ಸೇರಿದ್ದು.

ಮಹಾರಾಷ್ಟ್ರದಿಂದ ಬರುವ ತೊಟ್ಟಿಲಿನ ಮಾಲೀಕರು ಮೂರನ್ನೂ ಕೈಯಲ್ಲಿ ಬೀಸಣಿಗೆಯಂತೆ ಹರಡಿಕೊಂಡು, ‘ಸಾಹೇಬರೇ, ಇದರ ಮೇಲೆ ಜಿಎಸ್‌ಟಿಯೂ ಕಟ್ಟುತ್ತೇನೆ, ಒಂದೇ ತೊಟ್ಟಿಲಿಗೆ ಎಷ್ಟು ಸಲ?’ ಎಂದರು. ನ್ಯಾಯವಾದ ಪ್ರಶ್ನೆ. ಇಂಥ ಆಟಗಳ ಮೇಲಿನ ಜಿಎಸ್‌ಟಿ ಮೊದಲು ಶೇ 28 ಇತ್ತು, 2018ರ ಜನವರಿ 25ರಿಂದ ಶೇ 18ಕ್ಕೆ ಇಳಿಯಿತು. ಅದೇ ದಿನದಿಂದ ನಾಟಕ, ಸರ್ಕಸ್ಸುಗಳಿಗೆ ಐನೂರು ರೂಪಾಯಿಯವರೆಗಿನ ಟಿಕೆಟ್ ಪೂರ್ತಿ ವಿನಾಯಿತಿಗೆ ಬಂತು. ಅದಕ್ಕೆ ಮೊದಲು ಮಿತಿ ಇನ್ನೂರೈವತ್ತು. ನಮ್ಮ ಜಾತ್ರೆಯ ನಾಟಕಕ್ಕೆ ಮುಂದಿನ ಕುರ್ಚಿಯೂ ಇನ್ನೂರು ದಾಟುವುದಿಲ್ಲ. ಅಂದರೆ ದಿಲ್ಲಿ ಬಿಟ್ಟುಕೊಟ್ಟ ನಾಟಕಕ್ಕೆ ಹಳ್ಳಿಯ ಪಂಚಾಯಿತಿ ತೆರಿಗೆ ಹಾಕುತ್ತಿತ್ತು. ಕಾನೂನಿನಲ್ಲಿ ತಪ್ಪಿಲ್ಲ. ನನಗೆ ಮಾತ್ರ ಪ್ರತಿ ಸಲ ಕಸಿವಿಸಿಯಾಗುತ್ತಿತ್ತು, ಅದರಲ್ಲೂ ಖಾಲಿ ಕುರ್ಚಿಗಳ ಮುಂದೆ ಹಾಸ್ಯನಟರು ಬೆವರುತ್ತಿದ್ದುದನ್ನು ನೋಡಿದ ರಾತ್ರಿ.

ವಿನಾಯಿತಿ ಯಾರಿಗೆ ಎಂಬುದರ ಮೇಲೆ ಸಭೆಯಲ್ಲಿ ನಡೆದಷ್ಟು ಜಗಳ ದರದ ಮೇಲೆ ನಡೆಯಲಿಲ್ಲ. ಬಟ್ಟೆ ಹಾಸಿ ಆಡುವವರು, ವೇಷ ಹಾಕಿ ತಿರುಗುವವರು, ರಾತ್ರಿಯ ಬಯಲಾಟ, ಇವಕ್ಕೆ ಬೇಡ ಎಂಬುದು ಬೇಗ ಒಪ್ಪಿತವಾಯಿತು. ತೆರಬಂಡಿ ಸ್ಪರ್ಧೆ ಬಂದಾಗ ಸಭೆ ಎರಡು ಹೋಳಾಯಿತು. ಭಾರದ ಬಂಡಿಯನ್ನು ನಿಗದಿತ ಸಮಯದಲ್ಲಿ ಯಾವ ಜೋಡಿ ಹೆಚ್ಚು ದೂರ ಎಳೆಯುತ್ತದೆ ಎಂಬ ಪಂದ್ಯ ಅದು. ಯುವಕ ಸಂಘದವರು ಪ್ರತಿ ಜೋಡಿಗೆ ಪ್ರವೇಶ ಶುಲ್ಕ ಪಡೆಯುತ್ತಾರೆ, ಮೊದಲ ಬಹುಮಾನ ಮೋಟಾರ್ ಸೈಕಲ್. ಅಷ್ಟು ಹಣ ಓಡಾಡುವಲ್ಲಿ ತೆರಿಗೆ ಏಕಿಲ್ಲ ಎಂದು ಇಬ್ಬರು ಸದಸ್ಯರು ಪಟ್ಟು ಹಿಡಿದರು. ಹಿಂದೆ ಕುಳಿತಿದ್ದ ಹಿರಿಯ ಗೌಡರೊಬ್ಬರು ಎದ್ದು, ‘ನನ್ನ ಎತ್ತು, ನನ್ನ ಹುರುಳಿ, ನನ್ನ ಹಣ. ಎಳೆಯುವುದು ನನ್ನ ಎತ್ತು, ರಂಜನೆ ಯಾರಿಗೆ ತಮ್ಮಾ?’ ಎಂದರು.

ತೆರಿಗೆಯ ತಿರುಳೇ ಅದು. ನೋಡಲು ದುಡ್ಡು ಕೊಟ್ಟವನ ಸಂತೋಷದ ಮೇಲಿನ ತೆರಿಗೆ ಇದು. ಪಂದ್ಯಕ್ಕೆ ಎತ್ತು ಕಟ್ಟಿದವನು ಕೊಡುವ ಶುಲ್ಕ ಬೇರೆ. ನೋಡುವವರಿಗೆ ತೆರಬಂಡಿ ಪುಕ್ಕಟೆ. ಹಾಗೆಂದು ನಡಾವಳಿಯಲ್ಲಿ ಬರೆದು ಬಿಟ್ಟೆವು. ಕುಸ್ತಿಗೆ ಇದೇ ತರ್ಕ ಹಚ್ಚಲು ಹೋಗಿ ಸೋತೆ. ನೆಲದ ಮೇಲೆ ಕುಳಿತರೆ ಪುಕ್ಕಟೆ, ಕುರ್ಚಿ ಬೇಕೆಂದರೆ ನೂರು ರೂಪಾಯಿ. ಕುರ್ಚಿಗೆ ಕೊಟ್ಟದ್ದು ಕುಸ್ತಿ ನೋಡಲೋ, ಸೊಂಟ ಉಳಿಸಿಕೊಳ್ಳಲೋ? ಪೈಲ್ವಾನರ ಊರಿನಲ್ಲಿ ಆ ವಾದವನ್ನು ಹೆಚ್ಚು ದೂರ ಎಳೆಯಲಿಲ್ಲ.

2019ರಲ್ಲಿ ಒಂದು ಸಂಜೆ ತೊಟ್ಟಿಲಿನ ಒಂದು ಡೋಲಿಯ ಪಿನ್ನು ಸಡಿಲವಾಗಿ ಡೋಲಿ ಓರೆಯಾಯಿತು. ಕೆಳಗಿದ್ದಾಗಲೇ ಆದದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಜನ ಸೇರಿದರು, ಮಾತು ಏರಿತು. ಆಗ ಅಲ್ಲಿನ ಕೆಲಸಗಾರ ಜೇಬಿನಿಂದ ನಮ್ಮ ತೆರಿಗೆ ರಸೀದಿ ತೆಗೆದು ಎತ್ತಿ ಹಿಡಿದ: ‘ಪಂಚಾಯಿತಿಯವರೇ ಪರವಾನಗಿ ಕೊಟ್ಟಿದ್ದಾರೆ.’ ನನ್ನ ಸಹಿ ಅಷ್ಟು ದೂರದಿಂದಲೂ ಕಾಣಿಸುತ್ತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನವೇ ತಾಲ್ಲೂಕು ಕೇಂದ್ರಕ್ಕೆ ಹೋಗಿ ರಬ್ಬರ್ ಮುದ್ರೆ ಮಾಡಿಸಿದೆ: ‘ಇದು ತೆರಿಗೆ ಪಾವತಿ ಮಾತ್ರ. ಪರವಾನಗಿಯಲ್ಲ, ಸುರಕ್ಷತಾ ಪ್ರಮಾಣಪತ್ರವಲ್ಲ.’ ಜೊತೆಗೆ ಎಂಜಿನಿಯರರ ತಪಾಸಣಾ ಪತ್ರ, ವಿದ್ಯುತ್ ಸಂಪರ್ಕದ ಪತ್ರ ಇಲ್ಲದೆ ರಸೀದಿ ಪುಸ್ತಕವನ್ನೇ ತೆರೆಯಬಾರದು ಎಂದು ಬಿಲ್ ಕಲೆಕ್ಟರನಿಗೆ ಹೇಳಿದೆ. ಈ ಕೆಲಸಕ್ಕೆ ಇಳಿಯುವ ಯಾರಿಗಾದರೂ ನಾನು ಮೊದಲು ಹೇಳುವುದು ಈ ಮುದ್ರೆಯ ವಿಷಯ. ಮಾಡಿಸಲು ನೂರೈವತ್ತು ರೂಪಾಯಿಯೂ ಆಗಲಿಲ್ಲ.

ಕೋವಿಡ್ ವರ್ಷಗಳು ಹೋದವು. 2023ರಲ್ಲಿ ಚರ್ಮಗಂಟು ರೋಗ; ದನಗಳ ಜಾತ್ರೆ ನಡೆಯಲಿಲ್ಲ, ತೇರು ಮಾತ್ರ ನಡೆಯಿತು. ತೊಟ್ಟಿಲು ಬಂತು, ನಾಟಕವೂ ಬಂತು. ಎರಡನೆಯ ರಾತ್ರಿ ನಾಟಕದ ಮ್ಯಾನೇಜರರು ಕಚೇರಿಗೆ ಬಂದು, ಹತ್ತು ಗಂಟೆಯ ಆಟ ನಿಲ್ಲಿಸುತ್ತೇನೆ, ಅದರ ತೆರಿಗೆ ವಾಪಸು ಕೊಡಿ ಎಂದರು. ಏಕೆ ಎಂದು ಕೇಳಿದಾಗ ಅವರು ಹೇಳಿದ್ದು ನನಗೆ ಆರು ವರ್ಷ ಹೊಳೆದಿರಲಿಲ್ಲ. ಸಂಜೆಯ ಆಟ ಊರವರದು. ರಾತ್ರಿಯ ಆಟ ಎತ್ತಿನವರದು. ಮಾರಾಟವಾಗದ ಜೋಡಿಯನ್ನು ಬಿಟ್ಟು ಊರಿಗೆ ಹೋಗಲಾರದೆ ಗಾಡಿಯ ಕೆಳಗೆ ಮಲಗುವವರು, ಪಾಳಿಯ ಮೇಲೆ ಒಬ್ಬನನ್ನು ಕಾವಲಿಗೆ ಇಟ್ಟು ಉಳಿದವರು ನಾಟಕಕ್ಕೆ ಬರುತ್ತಾರೆ. ದನ ಬರದಿದ್ದರೆ ರಾತ್ರಿ ಆಟಕ್ಕೆ ಪ್ರೇಕ್ಷಕರೇ ಇಲ್ಲ.

ನಾನು ರಸೀದಿ ಪುಸ್ತಕ ತೆಗೆದು ಹಿಂದಿನ ವರ್ಷಗಳ ಲೆಕ್ಕ ಕೂಡಿಸಿದೆ. ನಾಟಕದಿಂದ ಬಂದ ತೆರಿಗೆಯಲ್ಲಿ ಅರ್ಧ ಆ ಎರಡನೆಯ ಆಟದ್ದೇ. ಅದುವರೆಗೆ ಆ ಹಣ ಪಂಚಾಯಿತಿಯ ಸಾಮಾನ್ಯ ನಿಧಿಗೆ ಸೇರಿ, ಎಲ್ಲಿ ಹೋಯಿತು ಎಂದು ಯಾರಿಗೂ ಕಾಣದಂತೆ ಕರಗುತ್ತಿತ್ತು. ಇತ್ತ ದನದ ಹೊಲದಲ್ಲಿ ನೀರುಗಂಟಿ ದಿನಕ್ಕೊಂದು ಟ್ಯಾಂಕರ್ ನಿಲ್ಲಿಸಿ ಹೋಗುತ್ತಿದ್ದ. ನಸುಕಿನಲ್ಲಿ ಕೊಡ ಹಿಡಿದುಕೊಂಡು ಸಾಲು ನಿಲ್ಲುತ್ತಿದ್ದವರು ರಾತ್ರಿ ನಾಟಕ ನೋಡಿದವರೇ. 2024ರ ಜಾತ್ರೆಗೆ ದನಗಳು ಮತ್ತೆ ಬಂದಾಗ ಸಭೆಯ ಒಪ್ಪಿಗೆ ಪಡೆದು ಮನರಂಜನಾ ತೆರಿಗೆಯಷ್ಟು ಮೊತ್ತವನ್ನು ದನದ ನೀರಿಗೇ ತೆಗೆದಿಟ್ಟೆವು. ದೊಡ್ಡ ಹಣವೇನಲ್ಲ. ಸಿಮೆಂಟಿನ ಎರಡು ತೊಟ್ಟಿ, ಎರಡು ದೀಪ, ಇನ್ನೊಂದು ಟ್ಯಾಂಕರ್. ತೊಟ್ಟಿಯ ಮೇಲೆ ಯಾರ ಹೆಸರೂ ಬೇಡ, ‘ಜಾತ್ರೆಯ ಆಟಗಳ ತೆರಿಗೆಯಿಂದ’ ಎಂದಷ್ಟೇ ಬರೆಸಿ ಎಂದರು ಅಧ್ಯಕ್ಷೆ. ತೊಟ್ಟಿಲಿನ ಮಾಲೀಕರು ಅದರ ಮುಂದೆ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಸಿಕೊಂಡರು. ರಸೀದಿ ಮೂರೇಕೆ ಎಂಬ ತಕರಾರು ಮಾತ್ರ ಬಿಡಲಿಲ್ಲ.

ಆ ವರ್ಷವೇ ನನಗೆ ವರ್ಗವಾಯಿತು. ನನ್ನ ಜಾಗಕ್ಕೆ ಬಂದ ಹುಡುಗಿ ಚುರುಕು, ಕಾಯ್ದೆ ಓದಿಕೊಂಡೇ ಬಂದಿದ್ದಳು. ರಸೀದಿ ಪುಸ್ತಕ, ಮುದ್ರೆ, ಠರಾವಿನ ಪ್ರತಿ ಎಲ್ಲವನ್ನೂ ಒಪ್ಪಿಸಿ ಬಸ್ಸಿಗೆ ಹೊರಟಿದ್ದೆ. ಹಿಂದಿನಿಂದ ಕರೆದು ಕೇಳಿದಳು:

‘ಸರ್, ಯಂತ್ರಕ್ಕೆ ದಿನಕ್ಕೊಂದು ಆಟ ಎಂದು ಬರೆದಿದ್ದೀರಿ. ಮರಣಬಾವಿ ಹಲಗೆಯದು. ಯಂತ್ರ ಇರುವುದು ಮೋಟಾರ್ ಸೈಕಲ್ಲಿನಲ್ಲಿ. ಇದು ಹೇಗೆ ಒಳಗೆ ಬರುತ್ತದೆ?’

ಬಸ್ಸು ಹಾರ್ನ್ ಹೊಡೆಯುತ್ತಿತ್ತು.